ಎತ್ತಿ ಕುಡಿಯುವ ಮನೆ

ಆಲೆಮನೆಯಾತ ಮೂರನೆಯ ಸಲ ಎದೆ ಕಟ್ಟಿಕೊಂಡು ನಮ್ಮ ವಾರ್ಡಿಗೆ ಬಂದಾಗ ನನಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. "ಇದೇನಪ್ಪಾ, ತವರುಮನೆಗೆ ಬಂದಂಗೆ ಬತ್ತಾನೇ ಇದ್ದೀಯಲ್ಲ" ಎಂದು ಗದರಿಕೊಂಡೇ ಹಾಸಿಗೆಗೆ ಹಾಕಿಸಿದೆ. ಅವನು ಎಡಗೈ ಅಲ್ಲಾಡಿಸಿ "ಬುಡು, ಬುಡು" ಎಂದ. ಲಕ್ವ ಹೊಡೆದು ಬಲಭಾಗ ಬಿದ್ದುಹೋದ ಮೇಲೆ ಅವನ ಬಾಯಲ್ಲಿ ಉಳಿದದ್ದು ಅದೊಂದೇ ಮಾತು. ನೀರು ಬೇಕಾದರೂ ಬುಡು, ನೋವಾದರೂ ಬುಡು, ನಗು ಬಂದರೂ ಬುಡು. ಅದಕ್ಕೆ ಮೊದಲು ಪಾಂಡವಪುರದ ಕಡೆಯ ಒಂದು ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆಯ ಮುಂದೆ ನಿಂತು ಪಾಕ ನೋಡುವವನಾಗಿದ್ದನಂತೆ.

ತೊಂಬತ್ತರ ದಶಕದ ಮಾತು ಇದು. ಶ್ರೀರಂಗಪಟ್ಟಣದ ಒಂದು ಸಣ್ಣ ಆಸ್ಪತ್ರೆಯಲ್ಲಿ ಗಂಡಸರ ವಾರ್ಡು ನನ್ನ ಉಸ್ತುವಾರಿಯಲ್ಲಿತ್ತು. ಲಕ್ವದವರಿಗೆ ಜೀವಾಪಾಯ ಕಳೆದ ಮೇಲೂ ಎದ್ದು ಕೂರುವುದು, ನಡೆಯುವುದು, ಉಣ್ಣುವುದು ಎಲ್ಲವನ್ನೂ ಮತ್ತೆ ಕಲಿಸಬೇಕು. ಅಷ್ಟು ದಿನ ಇಟ್ಟುಕೊಳ್ಳಲು ನಮ್ಮಲ್ಲಿ ಮಂಚವಿರಲಿಲ್ಲ. ಹಾಗಾಗಿ ಅವರನ್ನು ಎರಡು ಆರೈಕೆ ಮನೆಗಳಿಗೆ ಕಳಿಸುತ್ತಿದ್ದೆವು. ಒಂದು ಪಾಂಡವಪುರದಾಚೆ ತೊಣ್ಣೂರಿಗೆ ಹೋಗುವ ದಾರಿಯಲ್ಲಿತ್ತು. ಸುತ್ತಲಿನ ಹಳ್ಳಿಯವರು ಸೇರಿ ಟ್ರಸ್ಟು ಮಾಡಿ ಕಟ್ಟಿದ್ದು, ಎಲ್ಲರೂ ಧರ್ಮದ ಮನೆ ಎನ್ನುತ್ತಿದ್ದರು. ಇನ್ನೊಂದು ನಾಗಮಂಗಲದ ಕಡೆ. ಸಾಹುಕಾರರೊಬ್ಬರು ನಿಂತುಹೋದ ಅಕ್ಕಿ ಮಿಲ್ಲಿನ ಗೋದಾಮಿಗೆ ಮಂಚ ಹಾಕಿಸಿ ಸ್ವಂತಕ್ಕೆ ನಡೆಸುತ್ತಿದ್ದರು. ಅದು ಮಿಲ್ಲಿನ ಮನೆ.

ಮಿಲ್ಲಿನ ಮನೆಗೆ ಹೋದವರು ನಮ್ಮ ಬಾಗಿಲಿಗೆ ಮತ್ತೆ ಬರುತ್ತಿದ್ದದ್ದು ಅಪರೂಪ. ಧರ್ಮದ ಮನೆಯವರು ಹೋದ ದಾರಿಯಲ್ಲೇ ವಾಪಸ್ಸು. ಜ್ವರ, ಗೊರಗೊರ ಎದೆ, ನ್ಯುಮೋನಿಯ. ಆಲೆಮನೆಯಾತನ ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದ ನಮ್ಮ ದೊಡ್ಡ ಡಾಕ್ಟರು ತಲೆ ಕೊಡವಿದರು.

"ಇನ್ಮೇಲೆ ಆ ಧರ್ಮದ ಮನೆ ಸಹವಾಸ ಬೇಡ ಸಿಸ್ಟರ್. ಸ್ವಂತದ್ದು ಅಂದ್ರೆ ಮಾಲೀಕ ಕಣ್ಣಿಟ್ಟು ನೋಡ್ತಾನೆ. ಊರೋರದ್ದು ಅಂದ್ರೆ ಯಾರದ್ದೂ ಅಲ್ಲ."

"ಇವನನ್ನ ಎಲ್ಲಿಗೆ ಕಳ್ಸೋದು ಸಾರ್? ಮಿಲ್ಲಿನ ಮನೆಯವರು ಜೊತೇಲಿ ಮನೆಯವರೊಬ್ರು ಇರಲೇಬೇಕು ಅಂತಾರೆ. ಇವನಿಗೆ ಇರೋಳು ಒಬ್ಬಳೇ ತಂಗಿ. ಅವಳು ಎಲ್ಲಿದ್ದಾಳೋ ಯಾರಿಗೂ ಗೊತ್ತಿಲ್ಲ."

ಡಾಕ್ಟರು ಫೋಟೋ ಕೆಳಗಿಟ್ಟರು. "ಈ ಸಲ ಹೇಗೋ ಉಳೀತಾನೆ. ಅಲ್ಲಿಗೇ ಹೋಗಿ ಇನ್ನೊಂದ್ಸಲ ಹೀಗಾದ್ರೆ ಉಳಿಯಲ್ಲ. ಆಲೆಮನೆ ಯಜಮಾನನಿಗೆ ಹೇಳಿ ನೋಡಿ."

ಯಜಮಾನ ಬಂದಿದ್ದ. ಕಬ್ಬಿನ ಸಿಪ್ಪೆ ಒಟ್ಟುವ ಕೊಟ್ಟಿಗೆಯ ಮೂಲೆಯಲ್ಲಿ ಚಾಪೆ ಹಾಸುತ್ತೇನೆ ಎಂದ. ಕೆಟ್ಟವನಲ್ಲ, ಅವನಿಂದ ಆಗುವುದು ಅಷ್ಟೇ. ಆದರೆ ಒಬ್ಬನೇ ಮಗ್ಗುಲು ಬದಲಿಸಲಾರದವನು ಸಿಪ್ಪೆಯ ಮೂಲೆಯಲ್ಲಿ ಎಷ್ಟು ದಿನ ಬದುಕುತ್ತಾನೆ? ಡಿಸ್ಚಾರ್ಜ್ ಆಗುವಷ್ಟರಲ್ಲಿ ಕಾರಣ ಹುಡುಕುತ್ತೇನೆ, ಅಲ್ಲಿಯವರೆಗೆ ಧರ್ಮದ ಮನೆಯನ್ನು ಬಿಟ್ಟುಬಿಡುವ ಮಾತು ಬೇಡ ಎಂದೆ. "ಹುಡುಕಿ" ಎಂದರು ಡಾಕ್ಟರು, ನನಗೆ ಬೇರೆ ಕೆಲಸವಿಲ್ಲ ಎನ್ನುವ ಧಾಟಿಯಲ್ಲಿ.

ನನಗೆ ಅದೊಂದು ಚಾಳಿ. ತಲೆಗೆ ಹುಳ ಹೊಕ್ಕರೆ ಅದು ಹೊರಗೆ ಬರುವ ತನಕ ಅನ್ನ ಸೇರುವುದಿಲ್ಲ.

ರಜೆಯ ದಿನ ಪಾಂಡವಪುರದ ಬಸ್ಸು ಹತ್ತಿದೆ. ಗಲೀಜು ಇರುತ್ತದೆ, ಹಿಡಿದು ಜಾಡಿಸುತ್ತೇನೆ ಎಂದುಕೊಂಡೇ ಹೋದದ್ದು. ಹೋಗಿ ನೋಡಿದರೆ ನಮ್ಮ ವಾರ್ಡೇ ನಾಚಬೇಕು! ಗುಡಿಸಿ ಸಾರಿಸಿದ ನೆಲ, ಬಿಸಿಲಿಗೆ ಹಾಕಿದ ಹಾಸಿಗೆ. ಅಡಿಗೆಮನೆಯ ಕಟ್ಟೆಯ ಮೇಲೆ ಬೋರಲು ಹಾಕಿದ ಸ್ಟೀಲು ಲೋಟಗಳು, ಒಂದೊಂದರ ಮೇಲೂ ದಾನ ಕೊಟ್ಟವರ ಹೆಸರು ಕೊರೆಸಿತ್ತು. ರೋಗಿಗಳನ್ನು ಗೋಡೆಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿದ್ದರು. ಕೂರಿಸಿಯೇ ಉಣ್ಣಿಸಿ ಎಂದು ನಾವು ಹೇಳಿ ಕಳಿಸಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದರು.

ಆ ಮನೆಯ ಕಾರ್ಯದರ್ಶಿ ಒಬ್ಬ ನಿವೃತ್ತ ಮೇಷ್ಟ್ರು. ಬಿಳಿ ಪಂಚೆ, ತೋಳಿನವರೆಗೆ ಮಡಚಿದ ಅಂಗಿ. ಹಗಲೂ ರಾತ್ರಿ ಅಲ್ಲೇ ಇದ್ದರು. ನನ್ನ ಹಿಂದೆಯೇ ಓಡಾಡಿದರು.

"ಎಲ್ಲಿ ತಪ್ಪದೆ ಯೋಳ್ಬುಡಿ ತಾಯಿ. ತಿದ್ಕೋತೀನಿ. ನಮ್ ಹುಡುಗ ಆಲೆಮನೆಯೋನು ಎಂಗವ್ನೆ?"

ಆಲೆಮನೆಯಾತನಿಗೆ ಐವತ್ತು ದಾಟಿತ್ತು. ಮೇಷ್ಟ್ರಿಗೆ ಹುಡುಗ. ಹೇಳಲು ನನಗೆ ಒಂದು ತಪ್ಪೂ ಸಿಗಲಿಲ್ಲ. ಕುಡಿಯಲು ನೀರು ಕೊಟ್ಟರು, ಎತ್ತಿ ಕುಡಿದು ಲೋಟ ಇಟ್ಟು ಬಸ್ಸಿಗೆ ಬಂದೆ.

ಹಾಗಿದ್ದರೆ ಮೋಸ ಇರುವುದು ಮಿಲ್ಲಿನ ಮನೆಯಲ್ಲಿ ಎಂದು ತೀರ್ಮಾನಿಸಿದೆ. ರೋಗಿ ಕೆಟ್ಟರೆ ಹೆಸರು ಹಾಳಾಗುತ್ತದೆಂದು ಗುಟ್ಟಾಗಿ ಮೈಸೂರಿಗೆ ಸಾಗಿಸುತ್ತಿರಬೇಕು, ಅದಕ್ಕೇ ನಮಗೆ ಕಾಣುತ್ತಿಲ್ಲ. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಎನ್ನುತ್ತಾರಲ್ಲ, ಆ ಸಾಹುಕಾರರ ಮೇಲೆ ನನಗೆ ಮೊದಲಿಂದಲೂ ಅಷ್ಟೇ ಪ್ರೀತಿ. ನಾಗಮಂಗಲದ ಬಸ್ಸಿಳಿದು ಅಲ್ಲಿಗೆ ಹೋದಾಗ ಗೋದಾಮಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಳಗೆ ತೌಡಿನ ವಾಸನೆ ಇನ್ನೂ ಹೋಗಿರಲಿಲ್ಲ. ನೆಲವೂ ಅಷ್ಟಕ್ಕಷ್ಟೆ. ಪ್ರತಿ ಮಂಚದ ತಲೆದೆಸೆಯಲ್ಲಿ ಒಂದು ತಟ್ಟೆ, ಒಂದು ಲೋಟವೋ ಚೊಂಬೋ. ಒಂದರಂತೆ ಇನ್ನೊಂದಿಲ್ಲ. ಹಿತ್ತಾಳೆ, ಅಲ್ಯೂಮಿನಿಯಂ, ಎನಾಮಲ್ ಕಿತ್ತುಹೋದ ಮಗ್ಗು.

"ಇದೇನ್ ಯಜಮಾನ್ರೇ, ಸಂತೇಲಿ ಪಾತ್ರೆ ಅಂಗಡಿ ಇಟ್ಟಂಗೈತೆ?"

"ಇನ್ನೇನ್ ಸಿಸ್ಟ್ರಮ್ಮ, ನಾನೇನ್ ಛತ್ರ ಇಟ್ಟಿದ್ದೀನಾ? ಜಾಗ ನಂದು, ಮಂಚ ನಂದು, ಇಟ್ಟು ನಂದು. ತಟ್ಟೆ ಲೋಟ ಅವರವರ ಮನೆಯಿಂದ್ಲೇ ತರ್ಬೇಕು. ಕಾಯಾಕೆ ಒಬ್ರು ಜೊತೇಲಿರ್ಬೇಕು. ಕಳೆದೋದ್ರೆ, ಬಿದ್ದೋದ್ರೆ ನನ್ ಕುತ್ಗೆಗೆ ಬರ್ಬಾರ್ದು ನೋಡಿ."

ಎಂಥ ಜಿಪುಣನಪ್ಪಾ ಎಂದುಕೊಂಡೆ. ಮೈಸೂರಿಗೆ ಸಾಗಿಸುವ ಮಾತು ಕೇಳಿದಾಗ ಮುಖ ಗಂಟಿಕ್ಕಿ, ಮನೆಗೆ ಹೋದವರ ಊರುಗಳನ್ನೆಲ್ಲ ಬಾಯಲ್ಲೇ ಹೇಳಿ, "ವೋಗಿ ನೋಡ್ಕಬುಡಿ" ಎಂದು ಸವಾಲು ಹಾಕಿದರು. ಬಿಟ್ಟೇನೆಯೇ? ಮುಂದಿನ ರಜೆಗೆ ಕೆ.ಆರ್. ಪೇಟೆ ಬಸ್ಸು. ನನ್ನ ತವರು ಅಕ್ಕಿಹೆಬ್ಬಾಳಿನಲ್ಲೇ ಮಿಲ್ಲಿನ ಮನೆಯಿಂದ ಗುಣವಾಗಿ ಬಂದವರೊಬ್ಬರಿದ್ದರು. ಹೇಮಾವತಿಯ ದಂಡೆಯ ಗದ್ದೆ ಬದುವಿನ ಮೇಲೆ ಕೋಲೂರಿಕೊಂಡು ನಿಂತು ಆಳುಗಳನ್ನು ಬೈಯುತ್ತಿದ್ದರು! ಒಬ್ಬರು ಮೈಸೂರಿನ ಆಸ್ಪತ್ರೆಗೆ ಹೋಗಿದ್ದು ನಿಜ, ಆದರೆ ಅದು ಮಂಚದಿಂದ ಬಿದ್ದು ಸೊಂಟ ಮುರಿದದ್ದಕ್ಕೆ. ಹೊಸಹೊಳಲಿನಲ್ಲಿ ಇನ್ನೊಬ್ಬರು ಜಗಲಿಯ ಮೇಲೆ ಕೂತು ಚೊಂಬು ಕಚ್ಚಿಕೊಂಡು ರಾಗಿ ಅಂಬಲಿ ಕುಡಿಯುತ್ತಿದ್ದರು. ಅವರ ಹೆಂಡತಿ ನನ್ನ ಮುಂದೆ ನಾಚಿಕೊಂಡರು.

"ಮಗೀನಂಗೆ ಕಚ್ಕೊಂಡೇ ಕುಡಿಯಾದು ಕಣವ್ವ ಈಗ. ಏನ್ ಮಾಡಾನ, ಅವರ ಚೊಂಬು ಅವರ ಎಂಜ್ಲು."

ನಾನೂ ನಕ್ಕು ಎದ್ದು ಬಂದೆ. ಮೋಸವೂ ಇಲ್ಲ, ಗಲೀಜೂ ಇಲ್ಲ. ಕೊಳಕು ಗೋದಾಮಿನಲ್ಲಿದ್ದವರು ಬದುವಿನ ಮೇಲೆ ನಿಂತಿದ್ದಾರೆ, ಕನ್ನಡಿಯಂಥ ನೆಲದ ಮೇಲಿದ್ದವರು ನಮ್ಮ ವಾರ್ಡಿನಲ್ಲಿ ಕೆಮ್ಮುತ್ತಿದ್ದಾರೆ. ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಯೋಚಿಸಿ ಯೋಚಿಸಿ ನನಗೆ ರೇಗಿಹೋಯಿತು. ಡಾಕ್ಟರು ಹೇಳಿದ್ದೇ ಸರಿಯಿರಬೇಕು, ಊರೋರದ್ದು ಅಂದರೆ ಯಾರದ್ದೂ ಅಲ್ಲ ಎಂದು ಸೋಲೊಪ್ಪಿಕೊಳ್ಳುವುದರಲ್ಲಿದ್ದೆ.

ಅಷ್ಟರಲ್ಲಿ ಆಲೆಮನೆಯಾತನ ಜ್ವರ ಇಳಿದಿತ್ತು. ಆಹಾರಕ್ಕೆಂದು ಮೂಗಿನಿಂದ ಹಾಕಿದ್ದ ನಳಿಕೆ ತೆಗೆಯಲು ಡಾಕ್ಟರು ಹೇಳಿದರು. ಬೆಳಿಗ್ಗೆ ಅವನನ್ನು ಎತ್ತಿ ಕೂರಿಸಿ ಒಂದು ಲೋಟದಲ್ಲಿ ಗಂಜಿ ತಂದೆ. ಲೋಟ ಕಂಡದ್ದೇ ತಡ, ಅವನು ಕತ್ತನ್ನು ಪೂರ್ತಿ ಹಿಂದಕ್ಕೆ ಎಸೆದು, ಸೂರಿಗೆ ಮುಖ ಮಾಡಿ ಬಾಯಿ ಕಳೆದು ಕೂತ. ಗೂಡಿನ ಮರಿ ಕೂತ ಹಾಗೆ.

"ಯಾಕ್ಲಾ, ತೀರ್ಥ ಹುಯ್ತೀನಿ ಅನ್ಕಂಡಾ?" ಎಂದು ನಗುತ್ತ ಒಂದು ಚಮಚ ಹಾಕಿದೆ. ಕೆಮ್ಮು ಒತ್ತರಿಸಿ ಬಂತು. ಕಣ್ಣಲ್ಲಿ ನೀರು. ಆ ಕೆಮ್ಮಿನ ನಡುವೆಯೇ ಎಡಗೈಯಿಂದ ತನ್ನ ನೆತ್ತಿಯನ್ನು ತಾನೇ ತಟ್ಟಿಕೊಂಡು ನನ್ನ ಮುಖ ನೋಡಿದ. ಏನನ್ನೋ ಕಾಯುತ್ತಿದ್ದ.

ನಮ್ಮ ಕಡೆ ಯಾರಿಗೇ ನೀರು ನೆತ್ತಿಗೆ ಹತ್ತಿದರೂ ಹೇಳುವ ಮಾತು ನನ್ನ ಬಾಯಿಂದ ತಾನಾಗಿಯೇ ಬಂತು. "ಯಾರೋ ನೆನಸ್ಕೊಂಡ್ರು ಕಣಪ್ಪ."

ಅವನ ಮುಖ ಅರಳಿತು ನೋಡಿ! "ಬುಡು, ಬುಡು" ಎಂದು ನಕ್ಕ.

ಮುಂದಿನ ಮಂಚದ ತನಕ ಹೋದವಳು ನಿಂತೆ. ನೆತ್ತಿಗೆ ಹತ್ತಿದಾಗ ಇನ್ನೊಬ್ಬರು ನಮ್ಮ ನೆತ್ತಿ ತಟ್ಟುತ್ತಾರೆ. ತನ್ನ ನೆತ್ತಿಯನ್ನು ತಾನೇ ತಟ್ಟಿಕೊಳ್ಳುವುದು ರೂಢಿಯಾಗಿರಬೇಕಾದರೆ ಇವನಿಗೆ ಊಟ ಊಟಕ್ಕೂ ನೆತ್ತಿಗೆ ಹತ್ತುತ್ತಿರಬೇಕು. ವಾಪಸ್ಸು ಬಂದೆ. ಎಡಗೈಯನ್ನು ಅವನ ಹಿಂದಲೆಗೆ ಕೊಟ್ಟು ಗದ್ದವನ್ನು ಎದೆಯ ಕಡೆ ಬಾಗಿಸಿದೆ. ಲೋಟದ ಅಂಚನ್ನು ಅವನ ತುಟಿಗೆ ತಾಗಿಸಿ ಒಂದು ಗುಟುಕು ಬಿಟ್ಟೆ. ಗಂಟಲು ಮೇಲೆದ್ದು ಇಳಿಯಿತು. ಕೆಮ್ಮಲಿಲ್ಲ. ಇನ್ನೊಂದು ಗುಟುಕು. ಇಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ. ನನಗಂತೂ ಬೇಕಾಯಿತು. ಹೆಸರು ಕೊರೆಸಿದ ಆ ಲೋಟಗಳು, ನಾನೇ ಅಲ್ಲಿ ಎತ್ತಿ ಕುಡಿದು ಬಂದದ್ದು, ಹೊಸಹೊಳಲಿನ ಚೊಂಬು ಎಲ್ಲ ಒಟ್ಟಿಗೆ ನೆನಪಾದವು. ಹತ್ತು ಜನರ ಲೋಟವನ್ನು ಯಾರೂ ಕಚ್ಚಿ ಕುಡಿಯುವುದಿಲ್ಲ. ತುಟಿ ತಾಗಿದರೆ ಎಂಜಲು. ನಾವೆಲ್ಲ ಹುಟ್ಟಿದಾಗಿನಿಂದ ಹಾಗೇ ಕುಡಿದವರು, ಅದಕ್ಕೇ ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಕೂರಿಸಿ ಕುಡಿಸಿ ಎಂದು ಹೇಳಿ ಕಳಿಸುತ್ತಿದ್ದೆವೇ ಹೊರತು ಕತ್ತಿನ ಮಾತು ಯಾರೂ ಎತ್ತಿರಲಿಲ್ಲ.

ಡಾಕ್ಟರಿಗೆ ತೋರಿಸಿದೆ. ಅವರೂ ಎರಡು ಗುಟುಕು ಕುಡಿಸಿ ನೋಡಿದರು. "ಲಕ್ವದವರಿಗೆ ಗಂಟಲು ನಿಧಾನ. ಕತ್ತು ಹಿಂದಕ್ಕೆ ಹೋದ್ರೆ ನೀರು ನೇರ ಶ್ವಾಸನಾಳಕ್ಕೆ" ಎಂದರು. ಆಮೇಲೆ, "ಇದೊಂದೇ ಕಾರಣ ಅನ್ಬೇಡಿ. ಮಿಲ್ಲಿನ ಮನೇಲಿ ಪಕ್ಕದಲ್ಲಿ ಹೆಂಡ್ತಿ ಮಕ್ಕಳಿರ್ತಾರೆ. ಅದೂ ಲೆಕ್ಕಕ್ಕೆ ಬರುತ್ತೆ." ಇರಬಹುದು. ಆದರೆ ಹೆಂಡತಿ ಮಕ್ಕಳನ್ನು ನಾನು ಎಲ್ಲಿಂದ ತರಲಿ? ಲೋಟವನ್ನಾದರೆ ಸರಿಮಾಡಬಹುದು.

ಈ ಸಲ ಊಟದ ಹೊತ್ತಿಗೇ ಧರ್ಮದ ಮನೆಗೆ ಹೋದೆ. ಸಾಲಾಗಿ ಕೂತ ರೋಗಿಗಳ ಮುಂದೆ ಆರೈಕೆಯ ಹೆಂಗಸು ಮಜ್ಜಿಗೆಯ ಲೋಟ ಹಿಡಿದು ಬರುತ್ತಿದ್ದಳು. ಒಬ್ಬೊಬ್ಬರೂ ಕತ್ತು ಎತ್ತಿ ಬಾಯಿ ಕಳೆಯುವರು. ಒಂದು ತುಟಿಗೂ ತಾಗದಂತೆ, ಒಂದು ಹನಿ ಚೆಲ್ಲದಂತೆ ಎತ್ತರದಿಂದ ಹುಯ್ಯುತ್ತಿದ್ದಳು. ಎಂಥ ಪಳಗಿದ ಕೈ! ಮೂರನೆಯವರಿಗೆ ಕೆಮ್ಮು ಬಂತು. ಮೇಷ್ಟ್ರು ಓಡಿಬಂದು ಅವರ ನೆತ್ತಿ ತಟ್ಟಿದರು.

"ಮಗ ನೆನಸ್ಕೊಂಡ ಕಣ್ಲಾ. ಅವ್ನೇಯ. ಈ ಭಾನುವಾರ ಬತ್ತಾನೆ ನೋಡು."

ಸಾಲಿನವರೆಲ್ಲ ನಕ್ಕರು. ಕೆಮ್ಮಿದವರೂ ನಕ್ಕರು. ಅಷ್ಟು ಅಕ್ಕರೆಯ ಕೈ ಅದು, ಆದರೆ ಅಲ್ಲಿ ಮಜ್ಜಿಗೆ ಇಳಿಯುತ್ತಿದ್ದದ್ದು ಎದೆಗೆ.

ಊಟ ಮುಗಿದ ಮೇಲೆ ಮೇಷ್ಟ್ರನ್ನು ಹೊರಗೆ ಕರೆದು ಎಲ್ಲ ಬಿಡಿಸಿ ಹೇಳಿದೆ. ಒಬ್ಬೊಬ್ಬರಿಗೆ ಒಂದೊಂದು ಲೋಟ ಮಾಡಿಬಿಡಿ, ಕಚ್ಚಿ ಕುಡಿಯಲಿ, ಮುಗಿಯಿತು ಎಂದೆ. ನನ್ನ ಮಟ್ಟಿಗೆ ಅದು ಅಷ್ಟು ಸಲೀಸು. ಮೇಷ್ಟ್ರ ಮುಖ ಕಪ್ಪಿಟ್ಟಿತು.

"ಬ್ಯಾರೆ ಬ್ಯಾರೆ ಲೋಟವಾ? ಈ ಮನೇಲಾ? ಆಗಕಿಲ್ಲ."

"ಯಾಕೆ ಆಗಲ್ಲ?"

"ನಿಮಗೆ ವಯಸ್ಸು ಸಾಲ್ದು ತಾಯಿ. ನಾನು ಕೆಲ್ಸಕ್ಕೆ ಸೇರ್ದಾಗ ನಮ್ಮೂರ ಕಾಫಿ ಓಟ್ಲಲ್ಲಿ ಕೇರಿಯೋರಿಗೆ ಅಂತ ಬ್ಯಾರೆ ಲೋಟ ಇಟ್ಟಿದ್ರು, ಹೊರ್ಗಡೆ, ಸೂರಿನ್ ಗೂಡಲ್ಲಿ. ನನ್ ಜೊತೆ ಪಾಠ ಮಾಡೋ ಮೇಷ್ಟ್ರಿಗೂ ಅದೇ ಲೋಟ. ನನ್ ಕಣ್ಮುಂದೇನೇ ಅದ ತೊಳ್ಕೊಂಡು ಕುಡುದ್ರು." ಅವರು ಒಳಗಿನ ಲೋಟಗಳ ಕಡೆ ಕೈ ತೋರಿಸಿದರು. "ಈ ಮನೆ ಕಟ್ಟುವಾಗ ಅವರ ಲೋಟ ಇವರು ಮುಟ್ಟಕಿಲ್ಲ ಅಂತ ಒಬ್ರೂ ರೋಗಿ ಕಳ್ಸಲಿಲ್ಲ. ಆಗ ನಾನ್ ಮಾಡಿದ್ ಕಟ್ಲೆ ಇದು. ಎಲ್ಲ ಜಾತೀಗೂ ಒಂದೇ ಲೋಟ, ಎಲ್ರೂ ಎತ್ತಿ ಕುಡಿಯಾದು, ಯಾರ ಎಂಜ್ಲೂ ಯಾರ್ಗೂ ಇಲ್ಲ. ಆ ಕಟ್ಲೆ ಮ್ಯಾಲೇ ಈ ಮನೆ ನಿಂತದೆ. ನಾಳೆ ಲೋಟಕ್ ಗುರ್ತು ಆಕುದ್ರೆ ಆ ಗುರ್ತು ಎಲ್ಲಿಗ್ ವೋಗಿ ನಿಲ್ತದೆ ಅಂತ ನಂಗ್ ಗೊತ್ತು."

ಅವರು ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಆದರೂ ಬಿಡಲಾಗಲಿಲ್ಲ.

"ನಿಮ್ಮ ನ್ಯಾಯ ದೊಡ್ಡದು ಮೇಷ್ಟ್ರೇ, ಕೈ ಮುಗೀತೀನಿ. ಆದ್ರೆ ಆ ಆಲೆಮನೆಯೋನು ಇನ್ನೊಂದ್ಸಲ ಎತ್ತಿ ಕುಡುದ್ರೆ ಸಾಯ್ತಾನೆ. ಅವನನ್ನ ಇಲ್ಲಿಗೆ ಕಳ್ಸಲ್ಲ ಅಂತವ್ರೆ ಡಾಕ್ಟ್ರು. ಸಿಪ್ಪೆ ಕೊಟ್ಟಿಗೆಗೆ ಹೋಗ್ತಾನೆ. ಒಂದ್ಸಲ ಬಂದು ನಿಮ್ಮ ಕಣ್ಣಾರೆ ನೋಡಿ, ಆಮೇಲೆ ಬೇಡ ಅನ್ನಿ."

ಅವರು ಪಂಚೆ ಕೊಡವಿಕೊಂಡು ಒಳಗೆ ಹೋದರು. ಬರುವುದಿಲ್ಲ ಎಂದುಕೊಂಡೇ ಬಸ್ಸು ಹತ್ತಿದೆ. ಆ ದಿನ ಯಾರು ಮಾತಾಡಿಸಿದರೂ ಸಿಡಿಸಿಡಿ ಎಂದೆ.

ಮಾರನೆಯ ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ಕೈಯಲ್ಲಿ ಛತ್ರಿ ಹಿಡಿದು ನಿಂತಿದ್ದರು. ಆಲೆಮನೆಯಾತ ಅವರನ್ನು ಕಂಡು "ಬುಡು ಬುಡು ಬುಡು" ಎಂದು ಮಂಚವೇ ಅಲ್ಲಾಡುವಂತೆ ಸಂಭ್ರಮಿಸಿದ. ನಾನು ಗಂಜಿ ತಂದು, ಗದ್ದ ಬಾಗಿಸಿ, ಲೋಟವನ್ನು ತುಟಿಗೆ ಕೊಟ್ಟೆ. ಗುಟುಕು ಗುಟುಕಾಗಿ ಲೋಟ ಖಾಲಿಯಾಯಿತು. ಇಡೀ ಹೊತ್ತು ಮೇಷ್ಟ್ರು ಅವನ ಗಂಟಲನ್ನೇ ನೋಡುತ್ತಿದ್ದರು.

"ಒಂದ್ಸಲವೂ ಕೆಮ್ಮಲಿಲ್ಲ" ಎಂದರು ಮೆಲ್ಲಗೆ.

"ಇಲ್ಲ."

"ನಮ್ಮನೇಲಿ ದಿನಾ ಕೆಮ್ಮೋನು. ತಂಗಿ ನೆನಸ್ಕೊಂಡ್ಲು ಕಣ್ಲಾ ಅನ್ನೋನು ನಾನು. ಅದ ಕೇಳಿ ನಗೋನು." ಅವರು ಬೆಂಚಿನ ಮೇಲೆ ಕೂತುಬಿಟ್ಟರು. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡರು.

ನಾನು ಖಾಲಿ ಲೋಟವನ್ನು ಅವರ ಮುಂದಿಟ್ಟೆ. "ಬೇರೆ ಲೋಟ ಬೇಡ ಮೇಷ್ಟ್ರೇ. ಅದೇ ಲೋಟ ಇರಲಿ, ಎಲ್ಲರಿಗೂ ಒಂದೇ. ಎಲ್ಲರೂ ಕಚ್ಚಿ ಕುಡೀಲಿ. ಊಟ ಆದ್ಮೇಲೆ ಎಲ್ಲವನ್ನೂ ಹಂಡೆ ನೀರಲ್ಲಿ ಕುದಿಸಿ. ನಮ್ಮ ಸೂಜಿ ಸಿರಿಂಜನ್ನೇ ಕುದಿಸಿ ಇನ್ನೊಬ್ಬರಿಗೆ ಹಾಕಲ್ವಾ?"

"ಎಂಜ್ಲು ಅಂತಾರೆ ಜನ."

"ಅಂತಾರೆ."

"ಎದ್ದು ವೋಗೋರೂ ಅವ್ರೆ." ಅವರು ಖಾಲಿ ಲೋಟವನ್ನು ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಆಗ ಎತ್ತಿ ಕುಡೀರಿ ಅಂತ ಕಟ್ಲೆ ಮಾಡ್ದೋನು ನಾನೇ. ಈಗ ಕಚ್ಚಿ ಕುಡೀರಿ ಅನ್ನೋನೂ ನಾನೇ ಆಗ್ಬೇಕು. ಡಾಕ್ಟ್ರಿಗ್ ಯೋಳಿ, ಹುಡುಗನ್ನ ಕಳ್ಸಲಿ."

ಡಾಕ್ಟರು ಒಪ್ಪಿದರು. ಒಂದು ಷರತ್ತು ಹಾಕಿದರು, ಅವನ ಜೊತೆ ನಾನೇ ಹೋಗಿ ಒಂದು ಊಟ ಕಣ್ಣಾರೆ ನೋಡಿ ಬರಬೇಕು.

ನಾವು ತಲುಪಿದಾಗ ಊಟಕ್ಕೆ ಸಾಲು ಕೂತಿತ್ತು. ಸುದ್ದಿ ಮೊದಲೇ ಮುಟ್ಟಿತ್ತು, ದಾನ ಕೊಡುವ ಮನೆಗಳ ನಾಲ್ಕಾರು ಜನವೂ ಬಂದು ಗೋಡೆಗೊರಗಿ ನಿಂತಿದ್ದರು. ಹಂಡೆಯಲ್ಲಿ ಲೋಟಗಳು ಕುದಿಯುವ ಸದ್ದು ಕೇಳುತ್ತಿತ್ತು. ಮೇಷ್ಟ್ರು ಯಾವ ಭಾಷಣವನ್ನೂ ಮಾಡಲಿಲ್ಲ. ರೋಗಿಗಳ ಸಾಲಿನಲ್ಲೇ, ಆಲೆಮನೆಯಾತನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಮೊದಲು ಅವನ ಗದ್ದ ಬಾಗಿಸಿ, ನಾನು ತೋರಿಸಿಕೊಟ್ಟ ಹಾಗೆಯೇ, ಗಟ್ಟಿ ಗಂಜಿಯ ಎರಡು ಗುಟುಕು ಕುಡಿಸಿದರು. ಮಿಕ್ಕದ್ದನ್ನು ತಟ್ಟೆಗೆ ಬಗ್ಗಿಸಿ, ಲೋಟವನ್ನು ಹಂಡೆಯ ಕುದಿನೀರಿನಲ್ಲಿ ಅದ್ದಿಸಿ ತರಿಸಿಕೊಂಡರು. ಅದಕ್ಕೇ ಮಜ್ಜಿಗೆ ಹಾಕಿಸಿಕೊಂಡು, ಎಲ್ಲರ ಎದುರಿಗೆ, ತಾವು ಕಚ್ಚಿ ಕುಡಿದರು.

ಕುಡಿಯಲು ಬರಲೇ ಇಲ್ಲ ಅವರಿಗೆ! ಜೀವಮಾನವೆಲ್ಲ ಎತ್ತಿ ಕುಡಿದ ಬಾಯಿ. ಮಜ್ಜಿಗೆ ಗಲ್ಲದ ಮೇಲೆ ಇಳಿದು ಅಂಗಿ ತೋಯ್ದಿತು. ಯಾರೋ ಕಿಸಕ್ಕೆಂದರು. ಗೋಡೆಗೊರಗಿದ್ದವರಲ್ಲಿ ಒಬ್ಬ ಹೆಗಲ ಟವೆಲ್ ಕೊಡವಿಕೊಂಡು ಹೊರಗೆ ಹೋದ. ಅವನ ಹಿಂದೆ ಇನ್ನೊಬ್ಬ. ಅವರ ಮನೆಯ ರೋಗಿಯನ್ನು ಆ ಸಂಜೆಯೇ ಕರೆದುಕೊಂಡು ಹೋದರೆಂದು ಆಮೇಲೆ ತಿಳಿಯಿತು. ಮಿಕ್ಕವರು ನಿಂತೇ ಇದ್ದರು. ಆರೈಕೆಯ ಹೆಂಗಸು ಸೆರಗು ಸಿಕ್ಕಿಸಿಕೊಂಡು ಮುಂದಿನವರ ಗದ್ದ ಹಿಡಿದು ಬಾಗಿಸಿದಳು.

ಮೇಷ್ಟ್ರು ಮುಖ ಒರೆಸಿಕೊಂಡು, ಕುದಿಸಿದ ಇನ್ನೊಂದು ಲೋಟದಲ್ಲಿ ಆಲೆಮನೆಯಾತನಿಗೆ ಉಳಿದ ಗಂಜಿ ಕುಡಿಸಿದರು. ಲೋಟ ಬರಿದಾಯಿತು. ಅವನು ಕೆಮ್ಮಲಿಲ್ಲ. ನಾನು ನಿಟ್ಟುಸಿರು ಬಿಟ್ಟೆ. ಆಲೆಮನೆಯಾತ ಮಾತ್ರ ಏನೋ ಕಳೆದುಕೊಂಡವನ ಹಾಗೆ ಅತ್ತ ಇತ್ತ ನೋಡಿದ. ಮೇಷ್ಟ್ರ ಮುಖ ನೋಡಿದ, ನನ್ನ ಮುಖ ನೋಡಿದ. ಎಡಗೈಯನ್ನು ನಿಧಾನವಾಗಿ ಎತ್ತಿ ನೆತ್ತಿಯ ಮೇಲಿಟ್ಟುಕೊಂಡು ಕಾಯುತ್ತ ಕೂತ. ಕೆಮ್ಮಿಲ್ಲದೆ ನೆನೆದವರು ಯಾರು ಎಂದು ಅವನಿಗೆ ಯಾರು ಹೇಳಬೇಕು?

ಅದು ನನಗೆ ಹೊಳೆದಿರಲೇ ಇಲ್ಲ.

ಮೇಷ್ಟ್ರಿಗೆ ಹೊಳೆಯಿತು. ಲೋಟ ಕೆಳಗಿಟ್ಟು, ಅವನ ಕೈಯ ಮೇಲೆ ತಮ್ಮ ಕೈಯಿಟ್ಟು ನೆತ್ತಿಯನ್ನು ಮೆಲ್ಲಗೆ ತಟ್ಟಿದರು.

"ನಿನ್ ತಂಗಿ ನೆನಸ್ಕೊಂಡವ್ಳೆ ಕಣ್ಲಾ" ಎಂದರು. "ನೀನ್ ಕೆಮ್ಮುದ್ರೂ ನೆನಸ್ಕೋತಾಳೆ, ಕೆಮ್ದೆ ಇದ್ರೂ ನೆನಸ್ಕೋತಾಳೆ. ಇನ್ಮ್ಯಾಲೆ ದಿನಾ ಉಂಡಾದ್ಮೇಲೆ ನಾನೇ ಬಂದ್ ಯೋಳ್ತೀನಿ."